ಮಳೆನಾಡಿನಲ್ಲಿ ಒಂದು ಬೆಟ್ಟಾ ಮೀನಿನ ಆರೈಕೆ

ಬೆಟ್ಟಾ ಬೆಚ್ಚಗಿನ ನೀರಿನ ಮೀನು. ಥಾಯ್ಲೆಂಡಿನ ಚಾವೊ ಫ್ರಾಯಾ ನದಿಯ ಬಯಲು, ಅದರ ಆಸುಪಾಸಿನ ಜೌಗು, ಭತ್ತದ ಗದ್ದೆಗಳಲ್ಲಿ ನಿಂತ ನೀರು ಅದರ ತವರು. 24ರಿಂದ 28 ಡಿಗ್ರಿಯೊಳಗಿನ ನೀರಿನಲ್ಲಿ ಅದು ಹಿತವಾಗಿರುತ್ತದೆ. ನಮ್ಮ ಮನೆ ಇರುವುದು ಮಡಿಕೇರಿಯಿಂದ ಗಾಳಿಬೀಡಿನ ಕಡೆಗೆ ಹೋಗುವ ರಸ್ತೆಯಲ್ಲಿ, ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಸೆಪ್ಟೆಂಬರ್ ಆರಂಭದ ಕೈಲ್‌ಮುಹೂರ್ತ ಹಬ್ಬ ಹತ್ತಿರವಾಗುವ ತನಕ ಬಿಸಿಲಿನ ಮುಖ ಸರಿಯಾಗಿ ಕಾಣುವುದಿಲ್ಲ. ಜುಲೈಯಲ್ಲಿ ಹಗಲು ಹೊತ್ತಿನಲ್ಲೂ ಮನೆಯೊಳಗೆ 20 ಡಿಗ್ರಿಯ ಆಸುಪಾಸು, ರಾತ್ರಿ ಅದಕ್ಕಿಂತ ಕಡಿಮೆ. ಗಾಜಿನ ತೊಟ್ಟಿಯ ನೀರೂ ಅಷ್ಟಕ್ಕೇ ಇಳಿಯುತ್ತದೆ.

ಮೀನಿಗೆ ನಮ್ಮ ಹಾಗೆ ಮೈಯೊಳಗಿನ ಬಿಸಿ ಇಲ್ಲ. ನೀರು ತಣ್ಣಗಾದರೆ ಅದರ ರಕ್ತವೂ ತಣ್ಣಗಾಗುತ್ತದೆ, ಜೀರ್ಣಶಕ್ತಿ ಕುಗ್ಗುತ್ತದೆ, ರೋಗವನ್ನು ತಡೆಯುವ ಶಕ್ತಿಯೂ ಕುಗ್ಗುತ್ತದೆ. ಆದ್ದರಿಂದ ಕೊಡಗಿನಲ್ಲಿ ಬೆಟ್ಟಾ ಸಾಕುವವರಿಗೆ ನಾನು ಮೊದಲು ಹೇಳುವುದು ಔಷಧದ ಹೆಸರನ್ನಲ್ಲ. ತೊಟ್ಟಿಯೊಳಗೆ ಒಂದು ಥರ್ಮಾಮೀಟರ್ ಇದೆಯೇ ಎಂದು ಕೇಳುತ್ತೇನೆ. ಇಲ್ಲಿ ಈ ಮೀನಿಗೆ ಬರುವ ಕಾಯಿಲೆಗಳಲ್ಲಿ ಬಹಳಷ್ಟು ಚಳಿಯಿಂದಲೇ ಶುರುವಾಗುತ್ತವೆ.

ಅಂಗಡಿಗಳಲ್ಲಿ ಇದಕ್ಕೆ ಫೈಟರ್ ಎಂದೇ ಹೆಸರು. ಬೆಟ್ಟಾ ಸ್ಪ್ಲೆಂಡೆನ್ಸ್ ಎಂಬ ಶಾಸ್ತ್ರೀಯ ಹೆಸರನ್ನು ಬ್ರಿಟಿಷ್ ಮೀನುತಜ್ಞ ಚಾರ್ಲ್ಸ್ ಟೇಟ್ ರೀಗನ್ 1910ರಲ್ಲಿ ಕೊಟ್ಟರು. 2019ರಲ್ಲಿ ಥಾಯ್ಲೆಂಡ್ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಒಂದು ದೇಶ ಇಷ್ಟು ಗೌರವ ಕೊಟ್ಟ ಮೀನನ್ನು ನಮ್ಮಲ್ಲಿ ಉಪ್ಪಿನಕಾಯಿ ಬಾಟಲಿಗಿಂತ ಚಿಕ್ಕದಾದ ಡಬ್ಬಿಯಲ್ಲಿ ಇಟ್ಟು ಮಾರುತ್ತಾರೆ. ಕಾರಣ ಕೇಳಿದರೆ, ಇದು ಮೇಲೆ ಬಂದು ಗಾಳಿ ಕುಡಿಯುತ್ತದೆ, ಎಲ್ಲಿ ಬೇಕಾದರೂ ಬದುಕುತ್ತದೆ ಎನ್ನುತ್ತಾರೆ. ಗಾಳಿ ಕುಡಿಯುವುದು ನಿಜ. ಕಿವಿರಿನ ಮೇಲ್ಗಡೆ ಇರುವ, ಮಡಿಕೆಮಡಿಕೆಯಾದ ಒಂದು ಅಂಗದಿಂದ ಅದು ನೇರವಾಗಿ ಗಾಳಿಯ ಆಮ್ಲಜನಕವನ್ನು ಹೀರಬಲ್ಲದು. ಆದರೆ ಅದಕ್ಕೆ ಕಿವಿರೂ ಇದೆ, ಚರ್ಮವೂ ಇದೆ. ತನ್ನದೇ ಮಲಮೂತ್ರದಿಂದ ಹುಟ್ಟುವ ಅಮೋನಿಯಾ ಆ ಕಿವಿರನ್ನೂ ಚರ್ಮವನ್ನೂ ಸುಡುತ್ತದೆ. ಡಬ್ಬಿಯಲ್ಲಿ ಅದು ಬದುಕುತ್ತದೆ ಎನ್ನುವುದಕ್ಕಿಂತ, ಸಾಯಲು ಹೆಚ್ಚು ದಿನ ತೆಗೆದುಕೊಳ್ಳುತ್ತದೆ ಎನ್ನುವುದು ಸರಿ.

ನಮ್ಮ ಮನೆಗೆ ಮೊದಲ ಬೆಟ್ಟಾವನ್ನು ತಂದವನು ಮೈಸೂರಿನಲ್ಲಿ ಓದುತ್ತಿದ್ದ ಮಗ. ಕಡುಗೆಂಪು ಗಂಡು, ಉದ್ದ ಬಾಲ. ಕೆಂಪ ಎಂದು ಕರೆದೆವು. ರಜೆ ಮುಗಿದು ಮಗ ಹೊರಟ, ಕೆಂಪ ನನ್ನ ಪಾಲಿಗೆ ಉಳಿದ. ಮನೆಯಲ್ಲಿ ದನ, ನಾಯಿ ಎಲ್ಲ ಇದ್ದರೂ, ದಿನಕ್ಕೆ ಹತ್ತು ನಿಮಿಷ ಸುಮ್ಮನೆ ಕುಳಿತು ಒಂದು ಜೀವವನ್ನು ನೋಡುವ ಅಭ್ಯಾಸ ಬಂದದ್ದು ಈ ಮೀನಿನಿಂದಲೇ. ನಾಯಿ ನೋವಾದರೆ ಕೂಗುತ್ತದೆ. ಹಸು ಮೇವು ಬಿಟ್ಟರೆ ಪಶುವೈದ್ಯರಿಗೆ ಫೋನ್ ಮಾಡಬಹುದು. ಮೀನು ಕೂಗುವುದಿಲ್ಲ, ಅದನ್ನು ನೋಡುವ ವೈದ್ಯರು ನಮ್ಮ ಕಡೆ ಸಿಗುವುದೂ ಕಷ್ಟ. ಹಾಗಾಗಿ ದಿನವೂ ನೋಡುವವರೇ ಅದಕ್ಕೆ ಗತಿ.

ಏನನ್ನು ನೋಡಬೇಕು? ಆರೋಗ್ಯವಾಗಿರುವ ಬೆಟ್ಟಾ ಕುತೂಹಲದ ಪ್ರಾಣಿ. ನೀವು ತೊಟ್ಟಿಯ ಹತ್ತಿರ ಹೋದರೆ ಮುಂದೆ ಬರುತ್ತದೆ, ಬೆರಳನ್ನು ಹಿಂಬಾಲಿಸುತ್ತದೆ, ಊಟದ ಹೊತ್ತು ಅದಕ್ಕೆ ಗೊತ್ತಿರುತ್ತದೆ. ರೆಕ್ಕೆಗಳು ಬಿಚ್ಚಿಕೊಂಡಿರುತ್ತವೆ. ಕಾಯಿಲೆ ಶುರುವಾಗುವಾಗ ಮೈಮೇಲೆ ಏನೂ ಕಾಣುವುದಿಲ್ಲ, ನಡವಳಿಕೆ ಬದಲಾಗುತ್ತದೆ. ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು ಮೂಲೆಯಲ್ಲಿ ನಿಲ್ಲುತ್ತದೆ. ಊಟ ಹಾಕಿದರೆ ನೋಡುತ್ತದೆ, ಬಾಯಿಗೆ ತೆಗೆದುಕೊಂಡು ಉಗುಳುತ್ತದೆ. ಎಲೆಗೋ ಕಲ್ಲಿಗೋ ಮೈಯನ್ನು ಸರಕ್ಕನೆ ಉಜ್ಜಿಕೊಂಡು ಹೋಗುತ್ತದೆ. ಮೇಲ್ಮೈಗೆ ಬಂದು ಗಾಳಿ ನುಂಗಿ ಹೋಗುವುದು ಸಹಜವಾದರೂ, ಮೇಲ್ಮೈಯನ್ನು ಬಿಟ್ಟು ಕದಲದೆ ಬಾಯಿ ತೆರೆಯುತ್ತಾ ನಿಂತಿದ್ದರೆ ಕಿವಿರಿಗೆ ತೊಂದರೆಯಾಗಿದೆ ಎಂದು ತಿಳಿಯಬೇಕು. ಬಣ್ಣ ಮಂಕಾಗುತ್ತದೆ. ಕಿವಿರಿನ ಒಂದು ಕಡೆಯ ಮುಚ್ಚಳ ಮಾತ್ರ ಬೇಗಬೇಗ ಬಡಿದುಕೊಳ್ಳಬಹುದು. ಮಲದ ಬಣ್ಣವನ್ನೂ ನೋಡಬೇಕು. ಬಿಳಿ ದಾರದಂತೆ ಉದ್ದಕ್ಕೆ ನೇತಾಡುತ್ತಿದ್ದರೆ ಮೀನು ಕೆಲವು ದಿನಗಳಿಂದ ಸರಿಯಾಗಿ ತಿಂದಿಲ್ಲ, ಇಲ್ಲವೇ ಹೊಟ್ಟೆಯೊಳಗೆ ಏನೋ ಸರಿಯಿಲ್ಲ.

ಹೆದರಬೇಕಾಗಿಲ್ಲದ ಸಂಗತಿಗಳೂ ಇವೆ, ಅವುಗಳನ್ನು ಬೇಗ ಹೇಳಿಬಿಡುತ್ತೇನೆ. ಬೆಟ್ಟಾ ಎಲೆಯ ಮೇಲೆ ಒರಗಿ ಮಲಗುತ್ತದೆ, ಕೆಲವೊಮ್ಮೆ ಪೂರ್ತಿ ಮಗ್ಗುಲಾಗಿ. ರಾತ್ರಿ ಬಣ್ಣ ತುಸು ಇಳಿಯುತ್ತದೆ, ದೀಪ ಹಾಕಿದ ಮೇಲೆ ಮರಳುತ್ತದೆ. ಕೆಲವು ತಳಿಗಳಲ್ಲಿ ವಯಸ್ಸಾಗುತ್ತಾ ಬಣ್ಣವೇ ಬದಲಾಗುತ್ತದೆ. ಹರಿದ ಬಾಲ ಮತ್ತೆ ಬೆಳೆಯುವಾಗ ಅಂಚು ಗಾಜಿನಂತೆ ಪಾರದರ್ಶಕವಾಗಿರುತ್ತದೆ. ಅದನ್ನು ಬೂಸ್ಟು ಎಂದು ತಿಳಿದು ಔಷಧ ಸುರಿದವರನ್ನು ನಾನು ಬಲ್ಲೆ. ಗಂಡು ಮೀನು ನೀರಿನ ಮೇಲೆ ಗುಳ್ಳೆಗಳ ಗೂಡು ಕಟ್ಟಿದರೆ ಸಂತೋಷಪಡಬಹುದು, ಆದರೆ ಅದನ್ನು ಆರೋಗ್ಯದ ಪ್ರಮಾಣಪತ್ರ ಎಂದುಕೊಳ್ಳಬಾರದು. ಕಾಯಿಲೆಯ ಮೀನೂ ಗೂಡು ಕಟ್ಟುತ್ತದೆ.

ಲಕ್ಷಣ ಕಂಡ ದಿನ ನನ್ನ ಮೊದಲ ಕೆಲಸ ನೀರನ್ನು ಪರೀಕ್ಷಿಸುವುದು. ಅಮೋನಿಯಾ ಮತ್ತು ನೈಟ್ರೈಟ್ ಅಳೆಯುವ ಹನಿ ಔಷಧಗಳ ಪೆಟ್ಟಿಗೆ ಈಗ ಅಂಚೆಯಲ್ಲಿ ಮನೆಗೇ ಬರುತ್ತದೆ. ಎರಡೂ ಸೊನ್ನೆ ಇರಬೇಕು. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿಸುತ್ತವೆ, ಇನ್ನು ಕೆಲವು ಅದನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಆಗಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ನೆಲೆಗೊಳ್ಳಲು ವಾರಗಳೇ ಬೇಕು. ನೀರು ತಣ್ಣಗಾದರೆ ಅವು ನಿಧಾನವಾಗುತ್ತವೆ. ಸ್ಪಂಜನ್ನು ನಲ್ಲಿಯ ಕ್ಲೋರಿನ್ ನೀರಿನಲ್ಲಿ ತಿಕ್ಕಿ ತೊಳೆದರೆ ಸಾಯುತ್ತವೆ. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಹಿಂಡಿ ತೊಳೆಯಬೇಕು.

ನಮ್ಮ ಕಡೆಯ ನೀರಿಗೆ ಅದರದೇ ಸ್ವಭಾವವಿದೆ. ಬಾವಿಯದಾಗಲಿ, ಬೆಟ್ಟದ ಒರತೆಯದಾಗಲಿ, ಬಹುಪಾಲು ಮೆದು ನೀರು, ಅದರಲ್ಲಿ ಕರಗಿದ ಸುಣ್ಣದ ಅಂಶ ಕಡಿಮೆ. ಬೆಟ್ಟಾಗೆ ಮೆದು ನೀರು ಒಗ್ಗುತ್ತದೆ. ಆದರೆ ಆಮ್ಲೀಯತೆಯ ಏರಿಳಿತವನ್ನು ತಡೆದುಕೊಳ್ಳುವ ಶಕ್ತಿ ಅಂಥ ನೀರಿಗೆ ಇರುವುದಿಲ್ಲ. ನೀರು ಬದಲಿಸದೆ ಬಿಟ್ಟ ತೊಟ್ಟಿ ದಿನೇ ದಿನೇ ಹುಳಿಯಾಗುತ್ತದೆ. ಹುಳಿ ನೀರಿನಲ್ಲಿ ಅಮೋನಿಯಾ ಅಷ್ಟು ವಿಷಕಾರಿಯಲ್ಲದ ರೂಪದಲ್ಲಿ ಕುಳಿತಿರುತ್ತದೆ. ಮನೆಯವರು ಒಂದು ದಿನ ಎಚ್ಚೆತ್ತು ಅರ್ಧಕ್ಕರ್ಧ ಹೊಸ ನೀರು ಸುರಿದರೆ ಆಮ್ಲೀಯತೆ ಒಮ್ಮೆಲೇ ಇಳಿದು, ಅದೇ ಅಮೋನಿಯಾ ವಿಷವಾಗಿ ಎದ್ದು ನಿಲ್ಲುತ್ತದೆ. ತೊಟ್ಟಿ ತೊಳೆದ ಮಾರನೆಯ ದಿನವೇ ಮೀನು ಸತ್ತಿತು ಎಂಬ ಮಾತಿನ ಹಿಂದೆ ಹಲವು ಸಲ ಇದೇ ಇರುತ್ತದೆ. ವಾರವಾರವೂ ಕಾಲು ಭಾಗದಷ್ಟು ನೀರು, ತೊಟ್ಟಿಯ ನೀರಿನಷ್ಟೇ ಬೆಚ್ಚಗೆ ಮಾಡಿ, ಬದಲಿಸುವುದು ಒಳ್ಳೆಯದು.

ಮಳೆನೀರು ಎಷ್ಟೊಂದು ಬರುತ್ತದೆ, ಅದನ್ನೇ ಹಿಡಿದು ಹಾಕಬಾರದೇ ಎಂದು ಕೇಳುತ್ತಾರೆ. ಸತು ಲೇಪಿಸಿದ ತಗಡಿನ ಮಾಡಿನಿಂದ ಇಳಿದ ನೀರಿನಲ್ಲಿ ಸತುವಿನ ಅಂಶ ಸೇರುತ್ತದೆ, ಅದು ಮೀನಿಗೆ ವಿಷ.

ಇನ್ನೊಂದು ವಿಷವನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಹೊರಗಿನವರು ಬರೆದ ಮೀನು ಸಾಕಣೆಯ ಸಲಹೆಗಳಲ್ಲಿ ಅದು ಇರುವುದಿಲ್ಲ. ಮಳೆಗೆ ಮುಂಚೆ ಕೊಡಗಿನ ತೋಟಗಳಲ್ಲೆಲ್ಲ ಬೋರ್ಡೋ ಸಿಂಪಡಣೆ ನಡೆಯುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ ಹೊರಟ ಈ ದ್ರಾವಣ ನಮ್ಮಲ್ಲಿ ಕಾಫಿಯ ಕೊಳೆ ರೋಗಕ್ಕೆ, ಕರಿಮೆಣಸಿನ ಸೊರಗು ರೋಗಕ್ಕೆ ಇಂದಿಗೂ ಆಸರೆ. ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ತಾಮ್ರ ಮೀನಿನ ಕಿವಿರನ್ನು ಹಾಳುಮಾಡುತ್ತದೆ. ನೀರು ಮೆದುವಾದಷ್ಟೂ ಅದರ ವಿಷ ಹೆಚ್ಚು, ಏಕೆಂದರೆ ಕಿವಿರಿಗೆ ಅಂಟುವ ತಾಮ್ರಕ್ಕೆ ಪೈಪೋಟಿ ಕೊಡಲು ಅಂಥ ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆ. ಹಾಗಾಗಿ ಸಿಂಪಡಣೆಯ ಕಾಲದಲ್ಲಿ ತೋಟದಲ್ಲಿ ಓಡಾಡಿದ ಬಕೆಟು, ಮಗ್ಗು, ಹಗ್ಗ ಯಾವುದೂ ತೊಟ್ಟಿಯ ಹತ್ತಿರ ಬರಬಾರದು. ತೋಟದಿಂದ ಬಂದ ಕೈಯನ್ನು ಮೊಣಕೈವರೆಗೆ ತೊಳೆಯದೆ ನೀರಿಗೆ ಅದ್ದಬಾರದು. ನಮ್ಮ ಮನೆಯಲ್ಲಿ ಮೀನಿನ ಬಕೆಟಿಗೆ ಬೇರೆ ಬಣ್ಣ, ಅದನ್ನು ಇನ್ನಾವ ಕೆಲಸಕ್ಕೂ ಯಾರೂ ಮುಟ್ಟುವುದಿಲ್ಲ.

ಇದೇ ತಾಮ್ರ ಬೆಟ್ಟಾದ ಒಂದು ಕಾಯಿಲೆಗೆ ಔಷಧವೂ ಹೌದು. ಮೈಮೇಲೆ ಚಿನ್ನದ ಅಥವಾ ತುಕ್ಕಿನ ಬಣ್ಣದ ಧೂಳು ಉದುರಿಸಿದ ಹಾಗೆ ಕಾಣುವ ರೋಗವನ್ನು ವೆಲ್ವೆಟ್ ಎನ್ನುತ್ತಾರೆ. ಹಗಲಿನಲ್ಲಿ ಕಣ್ಣಿಗೆ ಬೀಳುವುದು ಕಷ್ಟ. ಕೋಣೆ ಕತ್ತಲು ಮಾಡಿ, ಓರೆಯಾಗಿ ಟಾರ್ಚ್ ಬಿಟ್ಟು ನೋಡಿದರೆ ಹೊಳೆಯುತ್ತದೆ. ಅದನ್ನು ತರುವ ಪರಾವಲಂಬಿ ಗಿಡಗಳ ಹಾಗೆ ಬೆಳಕಿನಿಂದಲೂ ಆಹಾರ ಮಾಡಿಕೊಳ್ಳಬಲ್ಲದು. ಆದ್ದರಿಂದ ತೊಟ್ಟಿಗೆ ಬಟ್ಟೆ ಹೊದಿಸಿ ಕತ್ತಲಾಗಿಸುವುದು ಚಿಕಿತ್ಸೆಯ ಒಂದು ಭಾಗ. ತಾಮ್ರದ ಔಷಧವನ್ನು ನಮ್ಮ ಮೆದು ನೀರಿನಲ್ಲಿ ಬಳಸುವವರು ಅಂಗಡಿಯಲ್ಲಿ ಸಿಗುವ, ಅಳತೆ ಗುರುತಿಸಿದ ತಯಾರಿಕೆಯನ್ನೇ, ಸೂಚಿಸಿದ್ದಕ್ಕಿಂತ ಒಂದು ಹನಿಯೂ ಹೆಚ್ಚಾಗದಂತೆ ಬಳಸಬೇಕು. ಉಗ್ರಾಣದಲ್ಲಿರುವ ಮೈಲುತುತ್ತದ ಚೀಲದ ಕಡೆಗೆ ಕೈ ಹೋಗಲೇಬಾರದು.

ಕೆಂಪನಿಗೆ ಬಂದದ್ದು ಬಿಳಿಚುಕ್ಕೆ ರೋಗ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡದ ತಿಂಗಳು. ಮನೆಯಲ್ಲಿ ಮದ್ದುಸೊಪ್ಪಿನ ಪಾಯಸದ ತಯಾರಿ, ಹೊರಗೆ ಮರಗಳು ಬಿದ್ದು ಕರೆಂಟು ಹೋಗಿ ಎರಡು ರಾತ್ರಿ ಕಳೆದಿದ್ದವು. ಇನ್ವರ್ಟರ್ ಮೊದಲ ರಾತ್ರಿಗೇ ಸೋತಿತ್ತು. ತೊಟ್ಟಿಗೆ ಕಂಬಳಿ ಸುತ್ತಿ, ಬಿಸಿನೀರು ತುಂಬಿದ ಬಾಟಲಿಗಳನ್ನು ಸರದಿಯ ಮೇಲೆ ತೇಲಿಬಿಡುತ್ತಿದ್ದೆವು. ಹಾಗಿದ್ದರೂ ಬೆಳಗಿನ ಜಾವ ನೀರು 19ಕ್ಕೆ ಇಳಿದಿತ್ತು. ಕೆಲವು ದಿನಗಳ ನಂತರ ಕೆಂಪ ಎಲೆಗೆ ಮೈ ಉಜ್ಜಲು ಶುರುಮಾಡಿದ. ಆಮೇಲೆ ಬಾಲದ ಮೇಲೆ ಉಪ್ಪಿನ ಹರಳಿನಷ್ಟು ಬಿಳಿ ಚುಕ್ಕೆಗಳು ಎದ್ದವು, ಒಂದೊಂದೂ ಬಿಡಿಬಿಡಿಯಾಗಿ, ಎಣಿಸಲು ಬರುವಂತೆ.

ಇಕ್ತಿಯೋಫ್ತಿರಿಯಸ್ ಎಂಬ ಏಕಕೋಶ ಜೀವಿ ಈ ಕಾಯಿಲೆಗೆ ಕಾರಣ. ಅದರ ಬಾಳನ್ನು ತಿಳಿದುಕೊಳ್ಳದೆ ಔಷಧ ಹಾಕಿದರೆ ಹಾಕಿದ್ದು ವ್ಯರ್ಥ. ಚುಕ್ಕೆಯಾಗಿ ಮೀನಿನ ಚರ್ಮದೊಳಗೆ ಕುಳಿತಿರುವಾಗ ಅದಕ್ಕೆ ನಮ್ಮ ಯಾವ ಔಷಧವೂ ತಾಗುವುದಿಲ್ಲ. ಬಲಿತ ಮೇಲೆ ಚರ್ಮ ಬಿಟ್ಟು ತಳಕ್ಕೆ ಬಿದ್ದು, ಸುತ್ತ ಗೋಡೆ ಕಟ್ಟಿಕೊಂಡು, ಒಡೆದು ನೂರಾರು ಮರಿಗಳಾಗುತ್ತದೆ. ಆ ಮರಿಗಳು ನೀರಿನಲ್ಲಿ ಈಜುತ್ತಾ ಮೀನನ್ನು ಹುಡುಕುತ್ತವೆ. ಒಂದೆರಡು ದಿನದಲ್ಲಿ ಸಿಗದಿದ್ದರೆ ಸಾಯುತ್ತವೆ. ಉಪ್ಪಾಗಲಿ ಔಷಧವಾಗಲಿ ಕೊಲ್ಲುವುದು ಹೀಗೆ ಈಜುವ ಮರಿಗಳನ್ನು ಮಾತ್ರ. ನೀರು 25 ಡಿಗ್ರಿ ಇದ್ದರೆ ಈ ಚಕ್ರ ಸುಮಾರು ಒಂದು ವಾರದಲ್ಲಿ ಸುತ್ತಿ ಮುಗಿಯುತ್ತದೆ. ತಣ್ಣಗಿದ್ದರೆ ವಾರಗಟ್ಟಲೆ ಎಳೆಯುತ್ತದೆ. ಚುಕ್ಕೆಗಳು ಮಾಯವಾದವು ಎಂದು ಅದೇ ದಿನ ಚಿಕಿತ್ಸೆ ನಿಲ್ಲಿಸಿದರೆ ರೋಗ ತಳದಲ್ಲಿ ಮರಿ ಮಾಡುತ್ತಿರುತ್ತದೆ.

ಕರೆಂಟು ಬಂದ ಮೇಲೆ ಹೀಟರಿನಿಂದ ನೀರನ್ನು ನಿಧಾನವಾಗಿ, ದಿನಕ್ಕೆ ಎರಡು ಮೂರು ಡಿಗ್ರಿಯಂತೆ, 29ರವರೆಗೆ ಏರಿಸಿದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುವುದರಿಂದ ಗಾಳಿಯ ಪಂಪನ್ನು ಮಂದವಾಗಿ ಓಡಿಸಿದೆ. ಅಯೋಡಿನ್ ಸೇರಿಸದ ಕಲ್ಲುಪ್ಪನ್ನು ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ ತೂಗಿ, ಬೇರೆ ಪಾತ್ರೆಯಲ್ಲಿ ಕರಗಿಸಿ, ಎರಡು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಸೇರಿಸಿದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಆದ್ದರಿಂದ ಆವಿಯಾದ ನೀರಿನ ಬದಲಿಗೆ ಸಪ್ಪೆ ನೀರು, ಹೊರತೆಗೆದ ನೀರಿನ ಬದಲಿಗೆ ಅಷ್ಟೇ ಉಪ್ಪಿನ ನೀರು. ದಿನವೂ ತಳವನ್ನು ಕೊಳವೆಯಿಂದ ಹೀರಿ ತೆಗೆದೆ, ಒಡೆಯಲು ಕುಳಿತ ಕೋಶಗಳು ಇರುವುದು ಅಲ್ಲಿಯೇ. ಕೊನೆಯ ಚುಕ್ಕೆ ಹೋದ ಮೇಲೂ ಒಂದು ವಾರಕ್ಕಿಂತ ಹೆಚ್ಚು ಹೀಗೇ ಮುಂದುವರಿಸಿದೆ. ಕೆಂಪ ಚೇತರಿಸಿಕೊಂಡ. ಮತ್ತೆ ಗಾಜಿನ ಮುಂದೆ ಬಂದು ಊಟಕ್ಕೆ ಕಾದು ನಿಂತ ದಿನ ನಾನು ಮೈಸೂರಿಗೆ ಫೋನ್ ಮಾಡಿ ಮಗನಿಗೆ ಹೇಳಿದೆ.

ಆ ದಿನಗಳಲ್ಲಿ ಮನೆಗೆ ಬಂದವರಲ್ಲಿ ಒಬ್ಬರು, ನೂರೈವತ್ತು ರೂಪಾಯಿಯ ಮೀನಿಗೆ ಇಷ್ಟೊಂದು ಪಾಡೇಕೆ, ಇನ್ನೊಂದು ತಂದರಾಯಿತಲ್ಲ ಎಂದರು. ಅವರು ಕೆಟ್ಟವರಲ್ಲ, ತಮ್ಮ ಹಸುಗಳನ್ನು ಮಕ್ಕಳಂತೆ ನೋಡಿಕೊಳ್ಳುವವರು. ಆದರೆ ಬೆಲೆಯನ್ನು ನೋಡಿ ಎಷ್ಟು ಆರೈಕೆ ಮಾಡಬೇಕೆಂದು ತೀರ್ಮಾನಿಸುವ ಮಾತನ್ನು ನಾನು ಒಪ್ಪುವುದಿಲ್ಲ. ಆ ಮೀನು ತಾನಾಗಿ ನಮ್ಮ ಮನೆಗೆ ಬಂದದ್ದಲ್ಲ. ಹೊಳೆಯಿಂದ ಗದ್ದೆಗೆ ಹತ್ತುವ ಮೀನಿಗೆ ನೀರು ಹಿಡಿಸದಿದ್ದರೆ ಬೇರೆ ಕಡೆಗೆ ಹೋಗುತ್ತದೆ. ನನ್ನ ತೊಟ್ಟಿಯ ಮೀನಿಗೆ ಹೋಗಲು ಜಾಗವೇ ಇಲ್ಲ. ಅದರ ನೀರು, ಅದರ ಬಿಸಿ, ಅದರ ಊಟ ಎಲ್ಲವೂ ನನ್ನ ಕೈಯಲ್ಲಿ ಇರುವಾಗ ಅದರ ನೋವಿಗೂ ನಾನೇ ಹೊಣೆ.

ಬಿಳಿಚುಕ್ಕೆಗೆ ಬಿಸಿ ಒಳ್ಳೆಯದಾಯಿತು ಎಂದು ಎಲ್ಲ ಕಾಯಿಲೆಗೂ ಹೀಟರ್ ಏರಿಸಬಾರದು. ಮೀನಿನ ಮೈಮೇಲೆ ಬೆಳ್ಳಗೆ ಹತ್ತಿಯಂಥದು ಕಂಡಾಗ ಎರಡು ಬೇರೆ ಬೇರೆ ರೋಗಗಳಲ್ಲಿ ಯಾವುದು ಎಂದು ನಿಂತು ಯೋಚಿಸಬೇಕು. ಒಂದು ನಿಜವಾದ ಬೂಸ್ಟು. ಎಲ್ಲೋ ತರಚಿದ ಗಾಯದ ಮೇಲೆ, ಸತ್ತ ಚರ್ಮದ ಮೇಲೆ, ಎಳೆಎಳೆಯಾಗಿ ಗೊಂಚಲಂತೆ ಬೆಳೆಯುತ್ತದೆ. ತಣ್ಣನೆಯ ಕೊಳಕು ನೀರು ಅದಕ್ಕೆ ಇಷ್ಟ, ಹರಡುವುದು ನಿಧಾನ. ಬೇರೆ ಪಾತ್ರೆಯಲ್ಲಿ ಮೆಥಿಲೀನ್ ಬ್ಲೂ ಎಂಬ ನೀಲಿ ಔಷಧ ಹಾಕಿ ಇಟ್ಟರೆ ಸಾಮಾನ್ಯವಾಗಿ ಗುಣವಾಗುತ್ತದೆ. ಇನ್ನೊಂದು ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾದ ರೋಗ. ತುಟಿಯ ಸುತ್ತ, ಕಿವಿರಿನ ಬಳಿ, ಇಲ್ಲವೇ ಬೆನ್ನಿನ ಮೇಲೆ ಜೀನು ಹಾಕಿದಂತೆ ಬೂದುಬಿಳಿಯ ಪಟ್ಟಿಯಾಗಿ ಕಾಣುತ್ತದೆ. ಎಳೆಗಳು ಉದ್ದ ಇರುವುದಿಲ್ಲ, ಪಾಚಿಯ ಪೊರೆಯ ಹಾಗೆ ಅಂಟಿಕೊಂಡಿರುತ್ತದೆ. ಇದು ಒಂದೆರಡು ದಿನದಲ್ಲೇ ಮೀನನ್ನು ಕೊಲ್ಲಬಲ್ಲದು, ನೀರು ಬಿಸಿಯಾದಷ್ಟೂ ಅದರ ವೇಗ ಹೆಚ್ಚು. ಬೂಸ್ಟೆಂದು ತಿಳಿದು 30 ಡಿಗ್ರಿಗೆ ಏರಿಸಿದವರು ತಿಳಿಯದೆ ರೋಗಕ್ಕೇ ನೆರವಾಗುತ್ತಾರೆ. ಇದರಲ್ಲಿ ನೀರನ್ನು 24ರ ಹತ್ತಿರಕ್ಕೆ ನಿಧಾನವಾಗಿ ಇಳಿಸಿ, ನೀರು ಬದಲಿಸುತ್ತಾ, ಬ್ಯಾಕ್ಟೀರಿಯಾಕ್ಕೆ ತಕ್ಕ ಔಷಧವನ್ನು ತಡಮಾಡದೆ ಹುಡುಕಬೇಕು.

ಈ ಒಂದು ಉದಾಹರಣೆಗಾಗಿಯೇ ನಾನು ಮತ್ತೆ ಮತ್ತೆ ಹೇಳುತ್ತೇನೆ: ಬಾಟಲಿಯ ಮುಚ್ಚಳ ತೆರೆಯುವ ಮೊದಲು ಕಾಯಿಲೆ ಯಾವುದೆಂದು ಗುರುತಿಸಿ. ಫೋಟೋ ತೆಗೆದು ಹಿಗ್ಗಿಸಿ ನೋಡಿ. ನಿನ್ನೆಯ ಫೋಟೋ ಪಕ್ಕದಲ್ಲಿಟ್ಟು ನೋಡಿ. ಎರಡು ಮೂರು ಔಷಧಗಳನ್ನು ಒಟ್ಟಿಗೆ ಸುರಿದರೆ ಯಾವುದಾದರೊಂದು ತಾಗುತ್ತದೆ ಎಂಬ ಲೆಕ್ಕ ಅಪಾಯದ್ದು, ಅಷ್ಟನ್ನು ತಡೆದುಕೊಳ್ಳಬೇಕಾದದ್ದು ಹೆಬ್ಬೆರಳಿನಷ್ಟು ದೇಹ. ಮದ್ದುಸೊಪ್ಪಿನ ರಸ ಬಿಡಿ, ಅರಿಸಿನ ಹಾಕಿ ಎಂದು ಪ್ರೀತಿಯಿಂದ ಸಲಹೆ ಕೊಡುವವರೂ ಇದ್ದಾರೆ. ನಮಗೆ ಒಗ್ಗಿದ್ದು ಕಿವಿರಿನಿಂದ ಉಸಿರಾಡುವ ಪ್ರಾಣಿಗೂ ಒಗ್ಗುತ್ತದೆ ಎನ್ನಲು ಆಧಾರವಿಲ್ಲ. ಸಸ್ಯಗಳ ಪೈಕಿ ನಾನು ಬಳಸುವುದು ಕಾಡುಬಾದಾಮಿಯ ಒಣಗಿ ಉದುರಿದ ಎಲೆಯನ್ನು ಮಾತ್ರ. ಅದರ ಕಂದು ಒಗರು ನೀರಿಗೆ ಇಳಿದು ಬೂಸ್ಟನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಮಂಗಳೂರು ಕಡೆಯಿಂದ ಬರುವ ನೆಂಟರು ತಂದುಕೊಡುತ್ತಾರೆ.

ಬಾಲ ಹರಿದದ್ದು ಕಂಡರೆ ಕೊಳೆಯೋ ಕಡಿತವೋ ಎಂದು ನೋಡಬೇಕು. ಉದ್ದ ಬಾಲದ ಗಂಡುಗಳು ತಮ್ಮ ಬಾಲವನ್ನು ತಾವೇ ಕಚ್ಚಿಕೊಳ್ಳುತ್ತವೆ. ಒಂದೇ ರಾತ್ರಿಯಲ್ಲಿ ಅರ್ಧಚಂದ್ರಾಕಾರದ ತುಣುಕು ಮಾಯವಾಗಿರುತ್ತದೆ, ಅಂಚು ಸ್ವಚ್ಛವಾಗಿರುತ್ತದೆ. ಕೊಳೆಯಾದರೆ ಅಂಚು ಕಪ್ಪಾಗಿಯೋ ಕೆಂಪಾಗಿಯೋ ಇದ್ದು ದಿನದಿಂದ ದಿನಕ್ಕೆ ಒಳಗೆ ಸರಿಯುತ್ತದೆ. ಆರಂಭದ ಕೊಳೆಗೆ ಶುದ್ಧವಾದ ಬೆಚ್ಚನೆಯ ನೀರಿನಷ್ಟು ಒಳ್ಳೆಯ ಚಿಕಿತ್ಸೆಯನ್ನು ನಾನು ಕಂಡಿಲ್ಲ. ಹೊಟ್ಟೆ ಉಬ್ಬಿ ವಾಲಿಕೊಂಡು ಈಜುವ ಮೀನಿಗೆ ಎರಡು ದಿನ ಉಪವಾಸ ಹಾಕಿ, ನೀರು ಬೆಚ್ಚಗಿಟ್ಟರೆ ಬಹಳ ಸಲ ಸರಿಹೋಗುತ್ತದೆ. ಈ ಮೀನಿನ ಸಹಜ ಆಹಾರ ಹುಳುಹುಪ್ಪಟೆ, ಅದರ ಹೊಟ್ಟೆ ಬಹಳ ಚಿಕ್ಕದು. ನಾವು ಅದನ್ನು ಮರೆತು ಕಾಳು ಸುರಿಯುತ್ತೇವೆ.

ಗುಣವಾಗದ ಕಾಯಿಲೆಯೂ ಇದೆ. ಮೂರನೆಯ ವರ್ಷದಲ್ಲಿ ಕೆಂಪನ ಹೊಟ್ಟೆ ಊದಿತು. ಮೇಲಿನಿಂದ ನೋಡಿದಾಗ ಹುರುಪೆಗಳು ಒಂದೊಂದಾಗಿ ಮೈಯಿಂದ ಎದ್ದು ನಿಂತಿದ್ದವು. ಇದಕ್ಕೆ ಡ್ರಾಪ್ಸಿ ಎನ್ನುತ್ತಾರೆ. ಅದು ಒಂದು ರೋಗವಲ್ಲ, ಒಳಗೆ ಮೂತ್ರಪಿಂಡ ಸೋತು ದೇಹದಲ್ಲಿ ನೀರು ತುಂಬಿಕೊಂಡಿದೆ ಎಂಬ ಲಕ್ಷಣ. ಹುರುಪೆ ಎದ್ದ ಮೇಲೆ ಉಳಿಯುವ ಮೀನುಗಳು ಬಹಳ ಕಡಿಮೆ. ಇಲ್ಲಿ ಕಲ್ಲುಪ್ಪು ಕೆಲಸಕ್ಕೆ ಬಾರದು. ಮೆಗ್ನೀಸಿಯಂ ಸಲ್ಫೇಟ್, ಅಂದರೆ ಎಪ್ಸಮ್ ಉಪ್ಪು, ತುಂಬಿದ ನೀರನ್ನು ಸ್ವಲ್ಪ ಹೊರಗೆಳೆದು ಬಾಧೆ ಕಡಿಮೆ ಮಾಡುತ್ತದೆ. ನೀರಿನ ಮಟ್ಟವನ್ನು ಇಳಿಸಿ, ಮೇಲ್ಮೈಗೆ ಬರಲು ಅವನಿಗೆ ಆಯಾಸವಾಗದಂತೆ ಮಾಡಿದೆ. ಮೇಲ್ಮೈಯ ಹತ್ತಿರ ಒರಗಿಕೊಳ್ಳಲು ಅಗಲ ಎಲೆಯೊಂದನ್ನು ಕಟ್ಟಿದೆ. ಆದರೂ ಊಟ ಪೂರ್ತಿ ನಿಂತಿತು, ಕಣ್ಣುಗಳೂ ಊದಿಕೊಂಡವು, ಗಾಳಿಗಾಗಿ ತಲೆ ಎತ್ತುವುದೇ ಕಷ್ಟವಾಯಿತು.

ಅವನನ್ನು ಇನ್ನು ನರಳಿಸಬಾರದು ಎಂದು ಮಗನೂ ನಾನೂ ಮಾತನಾಡಿ ತೀರ್ಮಾನಿಸಿದೆವು. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಮೀನಿಗೆ ಅರಿವಳಿಕೆ. ಅದನ್ನು ಬೆಚ್ಚನೆಯ ನೀರಿನ ಬಾಟಲಿಯಲ್ಲಿ ಚೆನ್ನಾಗಿ ಕುಲುಕಿ, ಮೀನಿರುವ ಸಣ್ಣ ಪಾತ್ರೆಗೆ ಸ್ವಲ್ಪ ಸ್ವಲ್ಪವಾಗಿ ಸೇರಿಸಬೇಕು. ಮೊದಲು ಮೀನಿಗೆ ಪ್ರಜ್ಞೆ ತಪ್ಪುತ್ತದೆ. ಅದು ಖಚಿತವಾದ ಮೇಲೆ ಹೆಚ್ಚಿನ ಪ್ರಮಾಣ ಹಾಕಿ, ಕಿವಿರಿನ ಚಲನೆ ನಿಂತ ನಂತರವೂ ಬಹಳ ಹೊತ್ತು ಹಾಗೆಯೇ ಬಿಡಬೇಕು. ಬದುಕಿರುವ ಮೀನನ್ನು ಶೌಚಾಲಯಕ್ಕೆ ಹಾಕುವುದು, ಫ್ರೀಜರಿನಲ್ಲಿ ಇಡುವುದು, ನೆಲದ ಮೇಲೆ ಒಣಗಲು ಬಿಡುವುದು ಕ್ರೌರ್ಯ. ಇದನ್ನು ಇಷ್ಟು ಬಿಡಿಸಿ ಬರೆಯುವುದು ನನಗೆ ಸುಲಭವಲ್ಲ, ಆದರೆ ಹೀಗೊಂದು ದಾರಿ ಇದೆ ಎಂದು ತಿಳಿಯದೆ ವಾರಗಟ್ಟಲೆ ನರಳಿದ ಮೀನುಗಳನ್ನು ಬೇರೆಯವರ ಮನೆಗಳಲ್ಲಿ ಕಂಡಿದ್ದೇನೆ.

ಆ್ಯಂಟಿಬಯೋಟಿಕ್ ಬಗ್ಗೆ ಒಂದು ಮಾತು. ನಮಗೆ ಬರೆದುಕೊಟ್ಟು ಉಳಿದ ಮಾತ್ರೆಯನ್ನು ಪುಡಿಮಾಡಿ ತೊಟ್ಟಿಗೆ ಹಾಕುವವರಿದ್ದಾರೆ. ಬೇಡ. ಪ್ರಮಾಣ ತಪ್ಪಿದರೆ ಫಿಲ್ಟರಿನ ಬ್ಯಾಕ್ಟೀರಿಯಾ ಸತ್ತು ಅಮೋನಿಯಾ ಏರುತ್ತದೆ, ಸಾಯದೆ ಉಳಿದ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುತ್ತವೆ. ಪಶುವೈದ್ಯರಿಗೆ ಫೋಟೋ, ನೀರಿನ ಪರೀಕ್ಷೆಯ ಫಲಿತಾಂಶ, ತೊಟ್ಟಿಯ ಅಳತೆ ಎಲ್ಲವನ್ನೂ ಕಳುಹಿಸಿ ಕೇಳುವುದು ಸರಿಯಾದ ದಾರಿ. ದನಗಳನ್ನೇ ಹೆಚ್ಚಾಗಿ ನೋಡುವ ವೈದ್ಯರು ಕೂಡ, ವಿವರ ಸರಿಯಾಗಿ ಕೊಟ್ಟರೆ, ಆಸಕ್ತಿಯಿಂದ ಓದಿ ಉತ್ತರಿಸುತ್ತಾರೆ. ಇನ್ನು ಕೈಯಲ್ಲಿ ಗಾಯವಿದ್ದಾಗ ಕೈಗವಸು ಇಲ್ಲದೆ ತೊಟ್ಟಿಗೆ ಕೈ ಹಾಕಬೇಡಿ. ಮೀನುಗಳಿಗೆ ಕ್ಷಯದಂಥ ರೋಗ ತರುವ ಮೈಕೋಬ್ಯಾಕ್ಟೀರಿಯಂ ಮನುಷ್ಯರ ಚರ್ಮಕ್ಕೂ ಹತ್ತಿ ತಿಂಗಳುಗಟ್ಟಲೆ ವಾಸಿಯಾಗದ ಗಂಟುಗಳನ್ನು ಎಬ್ಬಿಸುತ್ತದೆ. ತೋಟದಲ್ಲಿ ಕತ್ತಿ ಹಿಡಿಯುವ ನಮ್ಮ ಕೈಗಳಲ್ಲಿ ಗೀರು ಇಲ್ಲದ ದಿನ ಅಪರೂಪ.

ಈಗ ನಮ್ಮ ತೊಟ್ಟಿಯಲ್ಲಿ ನೀಲಿ ಬಣ್ಣದ ಇನ್ನೊಂದು ಬೆಟ್ಟಾ ಇದೆ. ಇಪ್ಪತ್ತು ಲೀಟರಿನ ತೊಟ್ಟಿ, 50 ವಾಟಿನ ಹೀಟರ್, ಬಿಸಿ ಹೋಗದಂತೆ ಮುಚ್ಚಳ. ಹೊಸದಾಗಿ ತರುವ ಗಿಡವನ್ನೂ ಬಸವನಹುಳುವನ್ನೂ ಕೆಲವು ವಾರ ಬೇರೆ ಪಾತ್ರೆಯಲ್ಲಿಟ್ಟ ಮೇಲೆಯೇ ತೊಟ್ಟಿಗೆ ಬಿಡುತ್ತೇನೆ. ಮೇ ತಿಂಗಳು ಮುಗಿಯುವುದರೊಳಗೆ ಹೀಟರ್ ಸರಿಯಿದೆಯೇ ಎಂದು ನೋಡಿ, ಇನ್ವರ್ಟರಿನ ಬ್ಯಾಟರಿಗೆ ನೀರು ಹಾಕಿಸಿ, ಕಲ್ಲುಪ್ಪು, ಮೆಥಿಲೀನ್ ಬ್ಲೂ, ಬ್ಯಾಟರಿಯಿಂದ ಓಡುವ ಗಾಳಿ ಪಂಪು ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಸೇರಿಸಿಡುತ್ತೇನೆ. ಗುಡ್ಡ ಕುಸಿದು ರಸ್ತೆ ಮುಚ್ಚಿದಾಗ ಮಡಿಕೇರಿಯ ಅಂಗಡಿಯೂ ದೂರದ ಊರಾಗುತ್ತದೆ ಎಂಬುದನ್ನು 2018ರ ಆಗಸ್ಟ್ ಕಂಡ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಕಾಯಿಲೆ ಬಿದ್ದ ಮೀನನ್ನು ತೋಡಿಗೆ ಬಿಟ್ಟರೆ ಅದಕ್ಕೆ ಬಿಡುಗಡೆ ಸಿಕ್ಕಂತೆ ಎಂದು ಮಕ್ಕಳು ಹೇಳುವುದುಂಟು, ದೊಡ್ಡವರೂ ಹೇಳುತ್ತಾರೆ. ನಮ್ಮ ತೋಡಿನ ತಣ್ಣೀರಿನಲ್ಲಿ ಬೆಟ್ಟಾ ಬಾಳುವುದಿಲ್ಲ. ಆದರೆ ಅದರ ಮೈಮೇಲಿನ ರೋಗಾಣು ಬಾಳಬಹುದು. ಈ ಬೆಟ್ಟಗಳ ನೀರಿನಲ್ಲಿ ಬಹುಪಾಲು ಹರಿದು ಸೇರುವುದು ಕಾವೇರಿಗೆ. ಕಾವೇರಿ ನದಿವ್ಯವಸ್ಥೆಯಲ್ಲಿ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ, ಡುಬ್ಬ ಬೆನ್ನಿನ ಮಹಶೀರ್ ಮೀನನ್ನು 2018ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿದ್ದಾರೆ. ಅದಕ್ಕೆ ಹೊರಗಿನಿಂದ ಹೊಸ ರೋಗವೊಂದನ್ನು ನಾವು ಕಳುಹಿಸಬಾರದು. ಸತ್ತ ಮೀನನ್ನು ನೀರಿನಿಂದ ದೂರ ಮಣ್ಣಿನಲ್ಲಿ ಆಳವಾಗಿ ಹೂಳುತ್ತೇನೆ. ಔಷಧ ಬೆರೆತ ನೀರನ್ನು ಸಕ್ರಿಯ ಇದ್ದಿಲಿನಲ್ಲಿ ಸೋಸಿ, ತೋಡಿಗೂ ಬಾವಿಗೂ ದೂರವಿರುವ ಬಚ್ಚಲಿನ ಇಂಗುಗುಂಡಿಗೆ ಸುರಿಯುತ್ತೇನೆ. ಮಳೆಗಾಲದಲ್ಲಿ ಗುಂಡಿ ತುಂಬಿ ಹರಿಯುತ್ತಿದ್ದರೆ, ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿಸಿಟ್ಟು ಮಳೆ ಬಿಡುವವರೆಗೆ ಕಾಯುತ್ತೇನೆ.